ಬೆಂಕಿ ದೋಣಿಯ ಭಾವ

ನಮ್ಮ ಭಾವ ನೀರನ್ನು ಬಾಯಿಂದಲ್ಲ, ಕಿವಿಯಿಂದ ಕುಡಿಯುತ್ತಿದ್ದರು ಎಂದರೆ ನೀವು ನಂಬಬೇಕು! ಅಕ್ಕ ಊಟಕ್ಕೆ ನೀರಿನ ಚೊಂಬು ತಂದಿಟ್ಟರೆ ಅವರು ಅದನ್ನೆತ್ತಿ ಮೊದಲು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಖದ ಮೇಲೆ ಅದೆಂಥದೋ ದೂರದ ನಗೆ. ಅನ್ನ ಆರುತ್ತಿತ್ತು, ಸಾರು ಆರುತ್ತಿತ್ತು, ಅಕ್ಕನ ತಲೆ ಮಾತ್ರ ಬಿಸಿಯಾಗುತ್ತಿತ್ತು.

"ಏನಂತದೆ ನೀರು?" ಎಂದು ಅವಳು ಕೇಳುವಳು.

"ಗಾಳಿ ಸೇರಿಲ್ಲ. ಚೆನ್ನಾಗಿದೆ" ಎಂದು ಭಾವ ಗಟಗಟ ಕುಡಿಯುವರು.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಶಿಕಾರಿಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಉಡುತಡಿ ದಾರಿಯ ಒಂದು ಪುಟ್ಟ ಊರಿನಲ್ಲಿ ಅಕ್ಕನ ಮನೆ. ಅಲ್ಲಿಂದಲೇ ಸೈಕಲ್ಲು ತುಳಿದುಕೊಂಡು ಹೋಗಿಬರುತ್ತಿದ್ದೆ. ಭಾವ ಮದುವೆಯಾದ ಹೊಸತರಲ್ಲೇ ಮುಂಬಯಿಗೆ ಹೋಗಿ, ಬಂದರಿನಲ್ಲಿ ಕೆಲಸಕ್ಕೆ ಸೇರಿ, ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುತ್ತಿದ್ದವರು ಈಗ ಪೂರ್ತಿಯಾಗಿ ಊರಿಗೆ ಮರಳಿದ್ದರು. ಇಂಜಿನ್ನಿನ ಸದ್ದಿಗೆ ಒಂದು ಕಿವಿ ಮಂದವಾಗಿತ್ತು, ಅದಕ್ಕೇ ಮನೆಗೆ ಕಳಿಸಿದರಂತೆ. ಆದರೆ ಆ ಮಂದ ಕಿವಿ ಯಾವಾಗ ನೋಡಿದರೂ ಅಕ್ಕನ ಕಡೆಗೇ ಇರುತ್ತಿತ್ತಲ್ಲ, ಅದು ಹೇಗೆ?

ಅವರು ಅಲ್ಲಿ ಮಾಡುತ್ತಿದ್ದದ್ದು ಏನು ಎಂಬುದನ್ನು ಊರಿಗೆ ಅರ್ಥ ಮಾಡಿಸುವುದೇ ಒಂದು ಸಾಹಸವಾಗಿತ್ತು. ಬಂದರಿನಲ್ಲಿ ನಿಂತ ಹಡಗಿಗೆ ಬೆಂಕಿ ಬಿದ್ದರೆ ಆರಿಸಲು ಒಂದು ದೋಣಿ ಇರುತ್ತದಂತೆ. ಹೊಟ್ಟೆಯೊಳಗೆ ಆನೆ ಗಾತ್ರದ ಪಂಪುಗಳು. ಸಮುದ್ರವನ್ನೇ ಹೀರುವುದು, ಬೆಂಕಿಯ ಮೇಲೆ ಉಗುಳುವುದು. ಆ ಪಂಪು ನಡೆಸುವವರೇ ನಮ್ಮ ಭಾವ.

ಊರಿನ ಪಟೇಲರು ಇದನ್ನು ಕೇಳಿ ಕಟ್ಟೆಯ ಮೇಲೆ ಹೊರಳಾಡಿ ನಕ್ಕರು. "ಸುತ್ತ ಸಮುದ್ರ ಇಟ್ಕೊಂಡು ಹಡಗಿಗೆ ಬೆಂಕಿ ಹತ್ತತದಂತೆ! ಮುಂಬಯಿಗೆ ಹೋದೋರು ಹೇಳೋದಕ್ಕೂ ಒಂದು ಮಿತಿ ಬ್ಯಾಡೇನ್ರೀ?"

ಭಾವ ಸಿಟ್ಟಾಗಲಿಲ್ಲ. ಅವರಿಗೆ ಸಿಟ್ಟು ಬರುವಷ್ಟು ಹೊತ್ತು ಈ ಲೋಕದಲ್ಲಿ ಇರುವುದೇ ಕಷ್ಟವಾಗಿತ್ತು. ಮಾತಿನ ನಡುವೆಯೇ ಎಲ್ಲಿಗೋ ತೇಲಿ ಹೋಗುವರು. ಬೆಳಗಿನ ಮಂಜು ಕೆರೆಯ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿದ್ದರೆ ಏರಿಯ ಮೇಲೆ ಕೂತು ನೋಡುತ್ತಾ, ತುಟಿಯಲ್ಲೇ "ಗುಡುಗುಡುಗುಡು" ಎಂದು ಪಂಪು ನಡೆಸುತ್ತಿದ್ದರು. ಎಮ್ಮೆ ಮೈ ತೊಳೆಯಲು ಬಂದವರು ಪಾಪ, ಜಪ ಮಾಡುತ್ತಿದ್ದಾರೆಂದು ಕೈ ಮುಗಿದು ಮುಂದೆ ಹೋಗುತ್ತಿದ್ದರು!

ಆಮೇಲೆ ಗಂಟೆಯ ಕಾಂಡ. ದೋಣಿಯಲ್ಲಿ ಇಂಜಿನ್ನಿನ ಗದ್ದಲಕ್ಕೆ ಮಾತು ಕೇಳುವುದಿಲ್ಲವಾದ್ದರಿಂದ ಪಂಪಿನವನಿಗೆ ಗಂಟೆ ಹೊಡೆದೇ ಅಪ್ಪಣೆ ಕೊಡುತ್ತಿದ್ದರಂತೆ. ಭಾವ ಅದೇ ಏರ್ಪಾಡನ್ನು ಬಚ್ಚಲಿಗೆ ತಂದರು. ಹಿತ್ತಾಳೆಯ ಗಂಟೆಯೊಂದನ್ನು ಕಟ್ಟಿ, "ನೋಡೇ, ಒಂದ್ಸಲ ಹೊಡೆದ್ರೆ ಬಿಸಿನೀರು, ಎರಡ್ಸಲ ಹೊಡೆದ್ರೆ ತಣ್ಣೀರು" ಎಂದು ಅಕ್ಕನಿಗೆ ಪಾಠ ಹೇಳಿದರು. ಮಾರನೆಯ ದಿನ ಮೈಗೆ ಸೀಗೆಪುಡಿ ಹಚ್ಚಿಕೊಂಡು ಗಂಟೆ ಹೊಡೆದೇ ಹೊಡೆದರು. ಅಕ್ಕ ಹಠಕ್ಕೆ ಬಿದ್ದು ಅಲುಗಾಡಲಿಲ್ಲ. ಬಂದವರು ಯಾರು ಗೊತ್ತೇ? ಪಕ್ಕದ ಮನೆಯ ಅಜ್ಜಿ. ಅಂಗಳದಲ್ಲಿ ಕಣ್ಣು ಮುಚ್ಚಿ ನಿಂತು, ಅಂಗೈ ಗುಳಿ ಮಾಡಿ, "ಮಂಗಳಾರತಿ ಆಯ್ತೇನಪ್ಪಾ? ತೀರ್ಥ ಕೊಡು" ಎಂದರು!

ಕುಪ್ಪಗಡ್ಡೆಯ ನಮ್ಮ ಅಪ್ಪನ ಮನೆಯಲ್ಲೂ ಅವರ ಪ್ರತಾಪ ನಡೆಯಿತು. ಅಡಿಕೆಗೆ ಕೊಳೆರೋಗ ಬಾರದಂತೆ ಔಷಧಿ ಹೊಡೆಸುತ್ತಿದ್ದ ಸಮಯ. ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ನೀರು. ಕೆಳಗೆ ಒಬ್ಬ ಕೈಪಂಪು ಒತ್ತಬೇಕು, ಮರದ ಮೇಲೆ ಒಬ್ಬ ಗೊನೆಗೆ ಹೊಡೆಯಬೇಕು. ಅಳಿಯಂದಿರು ಬಂದವರೇ, "ಇದೆಂಥಾ ಒತ್ತಡ ಮಾವಾ, ಸೊಳ್ಳೆ ಉಚ್ಚೆ ಹೊಯ್ದಂಗೆ!" ಎಂದು ಪಂಪಿನ ಹಿಡಿ ಕಿತ್ತುಕೊಂಡರು. ಒತ್ತಿದರು ನೋಡಿ! ಮೇಲೆ ಕೊಳವೆ ಹಾವಿನಂತೆ ಹೆಡೆಯೆತ್ತಿ ಹಿಡಿದವನ ಕಡೆಗೇ ತಿರುಗಿತು. ಹತ್ತುವಾಗ ಕರ್ರಗಿದ್ದ ಆಳು ಇಳಿಯುವಾಗ ಸಾಕ್ಷಾತ್ ಶ್ರೀಕೃಷ್ಣ!

ನಮ್ಮಪ್ಪ ತಲೆಯ ಮೇಲೆ ಕೈ ಹೊತ್ತು ಯೋಚಿಸಿದರು. ಕೊನೆಗೆ ಕೊಟ್ಟಿಗೆಯಲ್ಲಿದ್ದ ಹಳೆಯ ಆಯಿಲ್ ಇಂಜಿನ್ನು, ಪಂಪು ಎರಡನ್ನೂ ಗಾಡಿಗೆ ಹೇರಿಸಿದರು. "ಅಳಿಯಂದಿರೇ, ಇದು ನಿಮಗೇ ಇರಲಿ. ನಿಮ್ಮೂರಲ್ಲೇ ನಡೆಸಿ ಮಾರಾಯ್ರೇ. ನಮ್ಮ ಮರ ಹತ್ತೋನು ಇನ್ನು ಈ ಕಡೆ ತಲೆ ಹಾಕಲ್ಲ ಅಂತಿದಾನೆ."

ಭಾವನಿಗೆ ಇಷ್ಟೇ ಬೇಕಾಗಿತ್ತು. ಊರಿನ ಕೆರೆಯಲ್ಲಿದ್ದ ಎರಡು ಹಳೆಯ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಬಡಿದು, ಹಿಂಭಾಗದಲ್ಲಿ ಇಂಜಿನ್ನು ಕೂರಿಸಿದರು. ಮುಂದೆ ನೀರು ಚಿಮ್ಮಲು ಒಂದು ಹಿತ್ತಾಳೆಯ ಮೂತಿ. ಅದನ್ನು ಹಿಡಿಯುವ ಪಟ್ಟ ನನಗೆ ಬಂತು. "ಮೇಷ್ಟ್ರೇ, ನೀವು ಮಕ್ಕಳನ್ನ ಹಿಡಿಯೋರು, ನೀರು ಯಾವ ಲೆಕ್ಕ?" ಎಂದರು ಭಾವ.

ನೀರು ಹೊಡೆದು ತೋರಿಸುತ್ತೇನೆಂದು ಸಾರಿದ ದಿನ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಮೊದಲು ಪಂಪಿಗೆ ಕೊಡದಲ್ಲಿ ನೀರು ಹೊಯ್ಯಬೇಕು, ಇಲ್ಲದಿದ್ದರೆ ಅದು ಹೀರುವುದಿಲ್ಲ. ಪಟೇಲರಿಗೆ ಅಷ್ಟೇ ಸಾಕಾಯಿತು: "ನೋಡ್ರೋ, ಕೆರಿ ಮ್ಯಾಲೆ ಕೂತು ನೀರಿಗೆ ನೀರು ಕುಡಿಸ್ತಾನೆ!" ಇಂಜಿನ್ನು ಕೆಮ್ಮಿತು, ಹೊಗೆ ಬಿಟ್ಟಿತು, ಗುಡುಗುಡು ಎಂದಿತು. ಭಾವ ಅದರ ಕಡೆಗೆ ಮುಖ ಮಾಡಿ, ನಮಗೆಲ್ಲ ಬೆನ್ನು ಹಾಕಿ ಕೂತು, ಲಿವರು ಎಳೆದರು. ಮೂತಿಯಿಂದ ನೀರು ಚಿಮ್ಮಿತು. ಆಹಾ! ಜನ ಹೋ ಎಂದರು.

ಆದರೆ ನೀರು ಮುಂದೆ ಹೋದಂತೆ ನಾವು ಹಿಂದೆ ಹೋಗತೊಡಗಿದೆವು! ಮುಂಬಯಿಯ ದೋಣಿಯನ್ನು ಹಿಂದೆ ಸರಿಯದಂತೆ ಹಿಡಿಯಲು ಬೇರೆ ಇಂಜಿನ್ನು ಇತ್ತು, ನಮಗೇನಿತ್ತು? ನಾನು "ಭಾವಾ, ಭಾವಾ" ಎಂದು ಕಿರುಚುತ್ತಿದ್ದೇನೆ, ಏರಿಯ ಮೇಲಿನ ಜನ ಸಣ್ಣಗಾಗುತ್ತಿದ್ದಾರೆ, ಅವರ ನಗು ಮಾತ್ರ ದೊಡ್ಡದಾಗುತ್ತಿದೆ. ಭಾವನಿಗೆ ಕಂಡದ್ದೇ ಬೇರೆ. "ಮೇಷ್ಟ್ರೇ, ಆಚೆ ದಡ ತಾನೇ ಹತ್ತಿರ ಬರ್ತಿದೆಯಲ್ಲ, ಏನಾಶ್ಚರ್ಯ!" ಎಂದರು. ಕೆರೆಯ ಆ ತುದಿಯ ಆಪಿನ ಹುಲ್ಲಿನೊಳಗೆ ಹೋಗಿ ಸಿಕ್ಕಿಕೊಂಡೆವು. ಕೊಕ್ಕರೆಗಳು ಎದ್ದು ಹೋದವು.

ಆ ಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಅಕ್ಕನಿಗೆ 'ದೋಣ್ಯಮ್ಮ' ಎಂದು ಹೆಸರಿಟ್ಟರು. ಒಂದು ಸಂಜೆ ಅವಳು ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಕಣ್ಣು ಕೆಂಪಾಗಿತ್ತು. "ಅಷ್ಟು ವರ್ಷ ಇವರು ಬರ್ತಾರೆ ಅಂತ ಕಾದೆ ಕಣೋ. ಬಂದ್ರು. ಆದ್ರೆ ಬಂದಿಲ್ಲ. ಇನ್ನೂ ಅಲ್ಲೇ ಇದಾರೆ. ಸುಗ್ಗಿ ಮುಗೀಲಿ, ನಾನು ಕುಪ್ಪಗಡ್ಡೆಗೆ ಹೋಗ್ತೀನಿ." ಅವಳ ಮಾತಿಗೆ ನಗುವ ಅಭ್ಯಾಸವಿದ್ದ ನನಗೆ ಅಂದು ನಗು ಬರಲಿಲ್ಲ. ಭಾವ ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಕಿವಿ ಈ ಕಡೆಗಿತ್ತು. ಹಾಗೇ ತಿರುಗಿ ಹೊರಗೆ ಹೋದರು.

ಸುಗ್ಗಿ ಬಂತು. ಕೆರೆಯಂಚಿನ ಕಣದಲ್ಲಿ ಊರಿನ ಭತ್ತವೆಲ್ಲ ಬಣವೆ ಬಣವೆಯಾಗಿ ನಿಂತಿತ್ತು. ಒಂದು ಮಧ್ಯಾಹ್ನ, ಶಾಲೆಗೆ ರಜೆ ಇದ್ದ ದಿನ, ಯಾರೋ ಎಸೆದ ಬೀಡಿಯ ಕಿಡಿ ತುದಿಯ ಬಣವೆಗೆ ತಾಗಿತು. ಗಾಳಿ ಬೀಸುತ್ತಿತ್ತು. ಕೂಗು ಕೇಳಿ ನಾವು ಓಡುವಷ್ಟರಲ್ಲಿ ಒಂದು ಬಣವೆ ಪೂರ್ತಿ ಉರಿದು, ಎರಡನೆಯದರ ನೆತ್ತಿ ಹೊಗೆಯಾಡುತ್ತಿತ್ತು. ಜನ ಕೊಡಗಳಲ್ಲಿ ನೀರು ತಂದು ಎರಚುತ್ತಿದ್ದರು; ಅದು ಬೆಂಕಿಯ ಕಾಲಿಗೂ ತಾಗುತ್ತಿರಲಿಲ್ಲ. ಪಟೇಲರು ರುಮಾಲು ಕೈಯಲ್ಲಿ ಹಿಡಿದು, "ಹೋತಲ್ರೋ, ವರ್ಷದ ಅನ್ನ ಹೋತಲ್ರೋ" ಎನ್ನುತ್ತಿದ್ದರು.

ಭಾವ ಆಗಲೇ ಕಣದ ಬಳಿ ಕಟ್ಟಿದ್ದ ದೋಣಿಯಲ್ಲಿದ್ದರು. ನಾನು ಹಾರಿ ಮೂತಿ ಹಿಡಿದೆ. ಇಂಜಿನ್ನು ಹತ್ತಿತು, ನೀರು ಚಿಮ್ಮಿತು, ದೋಣಿ ಮತ್ತೆ ಹಿಂದಕ್ಕೆ ಹೊರಟಿತು! ನೀರು ಬಣವೆಯಿಂದ ಜಾರಿ ಪಟೇಲರ ಮೈಮೇಲೆ ಬಿತ್ತು. ಯಾರೂ ನಗಲಿಲ್ಲ.

ಆಗ ಅಕ್ಕ ಕೆರೆಗೆ ಇಳಿದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಎದೆಮಟ್ಟದ ನೀರಿಗೆ ಬಂದು, ದೋಣಿಯ ಹಿಂಬದಿಗೆ ಬೆನ್ನು ಕೊಟ್ಟು, ಕೆಸರಿನಲ್ಲಿ ಕಾಲೂರಿದಳು.

"ಹೊಡೀರಿ! ನಾನಿದೀನಿ, ಹೊಡೀರಿ!"

ಅವಳನ್ನು ನೋಡಿ ಬಾವಿಕಟ್ಟೆಯ ಹೆಂಗಸರು ಇಳಿದರು. ಅವರನ್ನು ನೋಡಿ ಗಂಡಸರು. ಕೊನೆಗೆ ಒದ್ದೆ ಪಟೇಲರೂ ಇಳಿದು ಹೆಗಲು ಕೊಟ್ಟರು. ದೋಣಿ ನೆಟ್ಟ ಹಾಗೆ ನಿಂತಿತು. ನಾನು "ಜಾಸ್ತಿ ಭಾವಾ, ಇನ್ನೂ ಜಾಸ್ತಿ!" ಎಂದು ಕೂಗಿದೆ. ನೀರು ಬಣವೆಗಳ ನೆತ್ತಿಯನ್ನು ಹೊಡೆಯಿತು, ಬುಡವನ್ನು ಹೊಡೆಯಿತು, ನಡುವಿನ ನೆಲವನ್ನೆಲ್ಲ ತೋಯಿಸಿತು. ಸುಟ್ಟದ್ದು ಒಂದು ಬಣವೆ, ಬೆಂದದ್ದು ಎರಡನೆಯದರ ಅರ್ಧ. ಮಿಕ್ಕದ್ದೆಲ್ಲ ಉಳಿಯಿತು.

"ಸಾಕು ಭಾವ. ಆರಿತು."

ಅವರು ಲಿವರಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಹಾಗೇ ಬೆನ್ನು ಹಾಕಿ ಕೂತಿದ್ದರು. "ಆರಿತಾ? ನಿಜವಾಗ್ಲೂ?"

"ನೀವೇ ತಿರುಗಿ ನೋಡಿ."

ನೀರು ನಿಲ್ಲಿಸಿ ತಿರುಗಿದರು. ಹೊಗೆಯನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೋ ಎಂಬಂತೆ ಹೇಳಿದರು: "ಪಂಪಿನ ಕೋಣೆ ದೋಣಿಯ ಹೊಟ್ಟೆಯೊಳಗೆ ಇರ್ತದೆ. ಕಿಟಕಿ ಇಲ್ಲ. ಮೇಲೆ ಗಂಟೆ ಹೊಡೀತಾರೆ, ನಾನು ಕೆಳಗೆ ನೀರು ಬಿಡ್ತೀನಿ. ಬೆಂಕಿ ಆರಿದ ಮೇಲೆ ಹತ್ತಿ ಬಂದ್ರೆ ಬರೀ ಬೂದಿ. ಅಷ್ಟು ವರ್ಷದಲ್ಲಿ ನಾನು ಬಿಟ್ಟ ನೀರು ಹೆಂಗೆ ಹಾರ್ತದೆ ಅಂತ ಒಂದ್ಸಲಾನೂ ನೋಡಿಲ್ಲ ಮೇಷ್ಟ್ರೇ. ಸದ್ದು ಕೇಳ್ಕೊಂಡು, ಹಿಂಗಿರಬಹುದು, ಹಿಂಗಿರಬಹುದು ಅಂತ..."

ಇಂಜಿನ್ನು ಸುಮ್ಮನೆ ಗುಡುಗುಡು ಎನ್ನುತ್ತಿತ್ತು. ಜನ ಒಬ್ಬೊಬ್ಬರಾಗಿ ದಡಕ್ಕೆ ಹೊರಟಿದ್ದರು. ಅಕ್ಕ ಮಾತ್ರ ನೀರಿನಲ್ಲೇ ನಿಂತಿದ್ದವಳು ದೋಣಿಯ ಅಂಚು ಹಿಡಿದು ಮೇಲೆ ಹತ್ತಿದಳು. ಸೀರೆಯಿಂದ ನೀರು ಸುರಿಯುತ್ತಿತ್ತು, ಮೊಣಕೈಗೆ ಕೆಸರು ಮೆತ್ತಿತ್ತು.

"ಏಳ್ರಿ" ಎಂದಳು. "ಹೋಗಿ ಮುಂದೆ ಕೂತ್ಕೊಳ್ರಿ. ಇದನ್ನ ನಾನು ನೋಡ್ಕೋತೀನಿ."

ಭಾವ ಎದ್ದು ನನ್ನ ಪಕ್ಕ ಬಂದು ಕೂತರು. ಅಕ್ಕ ಇಂಜಿನ್ನಿನ ಮುಂದೆ ಕೂತು ಲಿವರು ಎಳೆದಳು. ನಾನು ಮೂತಿಯನ್ನು ನೇರ ಆಕಾಶಕ್ಕೆ ಹಿಡಿದೆ. ಬೆಂಕಿಯಿಲ್ಲದ ಆಕಾಶಕ್ಕೆ ನೀರು ಏರಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು, ಇಳಿಬಿಸಿಲಿನಲ್ಲಿ ಬಿಡಿಬಿಡಿಯಾಗಿ ಹೊಳೆಯುತ್ತಾ ನಮ್ಮ ಮೂವರ ಮೇಲೂ ಕೆರೆಯ ಮೇಲೂ ಬಿತ್ತು. ಭಾವ ತಲೆಯೆತ್ತಿ, ಬಾಯಿ ತೆರೆದು, ನೋಡಿದರು.

ದಡದಿಂದ ಪಟೇಲರು ಕೂಗಿದರು: "ಬೆಂಕಿ ಆರೈತಲ್ರೀ ಅಮ್ಮಾ, ಇನ್ಯಾಕೆ ನೀರು?"

ಅಕ್ಕ ಭಾವನ ಒದ್ದೆ ಮುಖವನ್ನೇ ನೋಡುತ್ತಾ ಲಿವರನ್ನು ಇನ್ನಷ್ಟು ಎಳೆದಳು.