ಕೈಬಿಟ್ಟರೆ ನಿಲ್ಲುವ ಹಿಮಗಾಡಿ

ನಮ್ಮ ಮನೆಗೆ ಮಾತ್ರ ಇಂಥವು ಹೇಗೆ ವಿಳಾಸ ಹುಡುಕಿಕೊಂಡು ಬರುತ್ತವೋ ನನಗೆ ಈವತ್ತಿಗೂ ಗೊತ್ತಾಗಿಲ್ಲ. ಬೇರೆಯವರ ಮನೆಯಲ್ಲಿ ಫ್ರಿಜ್ ಕೆಡುತ್ತದೆ, ವಾಷಿಂಗ್ ಮಷೀನ್ ಕೆಡುತ್ತದೆ, ರಿಪೇರಿಯವನು ಬಂದು ಹೋಗುತ್ತಾನೆ. ನಮ್ಮಲ್ಲಿ ಕೆಟ್ಟದ್ದು ಏನೆಂದು ನಮಗೆ ಅರ್ಥವಾಗುವುದೇ ಅದು ಕೆಟ್ಟು ತಿಂಗಳಾದ ಮೇಲೆ. ಈ ಸಲ ಕೆಟ್ಟು ಬಂದಿದ್ದು ಹಿಮದ ಮೇಲೆ ಓಡುವ ಗಾಡಿ. ಅದೂ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಗೆ, ನೆತ್ತಿ ಸುಡುವ ಬೇಸಿಗೆಯಲ್ಲಿ.

ಆಕಾಶ ನೋಡಿದ ಅಂಕಲ್

ಗಾಡಿ ನಮ್ಮದಲ್ಲ, ಮೆಲ್ಬರ್ನಿನ ಕ್ಲೇಟನ್‌ನಲ್ಲಿರುವ ನನ್ನ ಅಕ್ಕನ ಗಂಡನದು. ಭಾವನ ಆಫೀಸಿನವರು ಒಂದು ದಿನ ಮೀಟಿಂಗ್ ಕರೆದು, ಮನಸಾರೆ ಹೊಗಳಿ, ಕೆಲಸದಿಂದ ತೆಗೆದುಬಿಟ್ಟರು. ಬೇರೆ ಕೆಲಸ ಸಿಗಲಿಲ್ಲ. ಮನೆಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಆಗ ಯಾರೋ ಪರಿಚಯದವರು ಒಂದು ದಾರಿ ತೋರಿಸಿದರು. ಹಿಮದ ಬೆಟ್ಟದ ಮೇಲೆ ಒಂದು ಲಾಡ್ಜ್ ಇದೆ. ಚಳಿಗಾಲದಲ್ಲಿ ಕಾರುಗಳು ಕೆಳಗೇ ನಿಲ್ಲುತ್ತವೆ. ಅಲ್ಲಿಂದ ಮೇಲಕ್ಕೆ ಜನರ ಲಗೇಜು, ಅಡುಗೆ ಸಾಮಾನು ಸಾಗಿಸುವವರು ಬೇಕು. ಗಾಡಿ ಅವರವರದೇ ತರಬೇಕು.

ಲಾಡ್ಜಿನ ಮ್ಯಾನೇಜರಮ್ಮ ಹಾಕಿದ್ದು ಒಂದೇ ಷರತ್ತು. ಸೀಸನ್ ಶುರುವಾಗುವ ಮುಂಚೆ ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಎಂಜಿನ್ ಆನ್ ಮಾಡಿ, ಕೈ ತೆಗೆಯಬೇಕು. ಅದು ನಿಂತಲ್ಲೇ ಗುರುಗುಡುತ್ತಿರಬೇಕು, ಅದಕ್ಕೆ ಐಡ್ಲಿಂಗ್ ಅಂತ ಹೆಸರು. ಆಫ್ ಆಗಬಾರದು, ತಾನಾಗಿ ಮುಂದಕ್ಕೂ ಜರುಗಬಾರದು. ಮಕ್ಕಳು ಓಡಾಡುವ ಜಾಗ, ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಭಾವ ಫೋಟೋ ನೋಡಿ ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದನ್ನು ಕೊಂಡರು. ಮಾರಿದವನು ಸಿಡ್ನಿಯವನಾದ್ದರಿಂದ ಅದು ಮೊದಲು ನಮ್ಮ ಗ್ಯಾರೇಜಿಗೆ ಬಂತು. ಕೈಯಲ್ಲಿ ಆಕ್ಸಿಲರೇಟರ್ ಹಿಡಿದಿದ್ದರೆ ಆರ್ಭಟ. ಕೈಬಿಟ್ಟರೆ ಎರಡು ಸಲ ಕೆಮ್ಮಿ ಗಪ್‌ಚಿಪ್. ರಿಪೇರಿಯ ಹೊಣೆ ನಮ್ಮವರು ಹೊತ್ತರು. ಅವರು ಓದಿದ್ದು ಮೆಕ್ಯಾನಿಕಲ್, ಮಾಡುವುದು ನಾರ್ತ್ ಸಿಡ್ನಿಯಲ್ಲಿ ಸಾಫ್ಟ್‌ವೇರ್. ಸರ್ಟಿಫಿಕೇಟ್ ಕೈಗೆ ಬಂದ ದಿನದಿಂದ ಅವರಿಗೂ ಆ ಓದಿಗೂ ಮಾತುಕತೆಯಿಲ್ಲ. ಅಕ್ಕ ಫೋನಿನಲ್ಲಿ, "ಇದೊಂದು ಕೈಗೆ ಹತ್ತಿದ್ರೆ ಸಾಕು ಕಣೇ" ಎಂದು ಮೂಗು ಒರೆಸಿಕೊಂಡಾಗ ನಾನೂ ಒರೆಸಿಕೊಂಡೆ. ಅವಳಿಗಾಗಿ ಅರ್ಧ, ರಿಪೇರಿ ಮಾಡುವವರನ್ನು ನೋಡಿ ಇನ್ನರ್ಧ.

ಗಾಡಿ ಇಳಿಸುವಾಗ ಪಕ್ಕದ ಮನೆಯ ಗುಜರಾತಿ ಅಂಕಲ್ ಬಂದು ಹಿಂದಿಯಲ್ಲಿ ಕೇಳಿದರು, "ನೀರಲ್ಲಿ ಓಡಿಸೋ ಜೆಟ್ ಸ್ಕೀ ತಗೊಂಡ್ರಾ?"

"ಇಲ್ಲ ಅಂಕಲ್, ಇದು ಸ್ನೋ ಮೇಲೆ ಓಡೋದು."

ಅಂಕಲ್ ಒಂದು ಸಲ ಆಕಾಶ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಸಂಜೆ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ ಬೇಟಾ, ನೀರು ಜಾಸ್ತಿ ಕುಡಿ" ಎಂದು ಹೇಳಿ ಒಳಗೆ ಹೋದರು.

ಓರೆ ಮಾಡಿದರೆ ಬರುತ್ತೆ

ಮುಂದಿನ ಭಾನುವಾರ ನಮ್ಮವರ ಇಬ್ಬರು ಸ್ನೇಹಿತರು ಬಂದರು. ಒಬ್ಬರು ಮೈಸೂರಿನವರು, ಇನ್ನೊಬ್ಬರು ದಾವಣಗೆರೆಯವರು. ಇಬ್ಬರೂ ಸಾಫ್ಟ್‌ವೇರೇ. ಮೂವರೂ ಸೊಂಟದ ಮೇಲೆ ಕೈಯಿಟ್ಟು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದರು. ಮೈಸೂರಿನವರ ಮುಖ ಇದ್ದಕ್ಕಿದ್ದಂತೆ ಅರಳಿತು.

"ಅಯ್ಯೋ, ಇದು ಟೂ-ಸ್ಟ್ರೋಕ್ ಅಲ್ವೇನ್ರೀ! ನಮ್ಮಪ್ಪನ ಸ್ಕೂಟರೂ ಹೀಗೇ ಮಾಡ್ತಿತ್ತು. ಓರೆ ಮಾಡ್ಬೇಕು ಅಷ್ಟೇ."

ಓರೆ ಮಾಡುವುದು! ಊರಿನಲ್ಲಿದ್ದಾಗ ನಮ್ಮ ಬೀದಿಯಲ್ಲೂ ಬೆಳಿಗ್ಗೆ ಆಫೀಸಿಗೆ ಹೊರಟ ಗಂಡಸರೆಲ್ಲ ಸ್ಕೂಟರನ್ನು ಮಗುವಿನ ಹಾಗೆ ತಬ್ಬಿಕೊಂಡು ಪಕ್ಕಕ್ಕೆ ವಾಲಿಸಿ, ಆಮೇಲೆ ಕಿಕ್ ಹೊಡೆಯುತ್ತಿದ್ದರು. ಅದರಿಂದ ಏನಾಗುತ್ತಿತ್ತೋ ಯಾರೂ ಕೇಳಿದವರಲ್ಲ. ಆದರೆ ಈ ಗಾಡಿ ನಮ್ಮ ಡಬಲ್ ಕಾಟ್‌ನಷ್ಟು ಉದ್ದ, ಎಮ್ಮೆಯಷ್ಟು ಭಾರ.

"ರೀ, ಬೇಡ" ಎಂದೆ ನಾನು.

"ನಿನಗೆ ಗೊತ್ತಾಗಲ್ಲ, ಸುಮ್ನಿರು" ಎಂದರು ನಮ್ಮವರು.

ಮೂವರೂ ಸೇರಿ ಎತ್ತಿದರು. ಗಾಡಿ ಓರೆಯಾಯಿತು. ಆಗುತ್ತಲೇ ಹೋಯಿತು. ಕೊನೆಗೆ ಲಾನ್ ಮೇಲೆ ಧೊಪ್ಪೆಂದು ಅಂಗಾತ ಮಲಗಿತು, ಜೊತೆಗೆ ದಾವಣಗೆರೆಯವರ ಸೊಂಟವೂ. ಪೆಟ್ರೋಲು ನನ್ನ ಕರಿಬೇವಿನ ಗಿಡದ ಬುಡಕ್ಕೆ ಹರಿಯಿತು. ಎಬ್ಬಿಸಿ ನಿಲ್ಲಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಎಂಜಿನ್ ಉಸಿರೇ ಎತ್ತಲಿಲ್ಲ.

ಭಾವ ಫೋನ್ ಮಾಡಿ, "ಐಡ್ಲಿಂಗ್ ಪ್ರಾಬ್ಲಮ್ ಏನಾಯ್ತು?" ಎಂದು ಕೇಳಿದರು. ನಮ್ಮವರು ಆಫೀಸಿನ ಗಂಟಲಿನಲ್ಲಿ ಹೇಳಿದರು, "ಅದು ಕ್ಲೋಸ್ ಆಯ್ತು ಭಾವ. ಈಗ ಕೈಬಿಟ್ರೆ ಆಫ್ ಆಗೋ ಚಾನ್ಸೇ ಇಲ್ಲ. ಸ್ಟಾರ್ಟೇ ಆಗಲ್ಲ."

ಸೊಳ್ಳೆಗಳ ವಲಸೆ

ವಾರವಾದ ಮೇಲೆ ಎಂಜಿನ್ ತಾನಾಗಿ ಮುನಿಸು ಬಿಟ್ಟಿತು. ಐಡ್ಲಿಂಗ್ ಮಾತ್ರ ಇಲ್ಲ. ಈ ಸಲ ಎಣ್ಣೆಯ ಮೇಲೆ ಅನುಮಾನ ಬಂತು. ಟೂ-ಸ್ಟ್ರೋಕ್ ಅಂದಮೇಲೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ನಮ್ಮೂರ ಬಂಕಿನಲ್ಲಿ ಹುಡುಗ ಕೇಳದೆಯೇ ಹಾಕುತ್ತಿರಲಿಲ್ಲವೇ? ನಮ್ಮವರು ಒಂದಿಷ್ಟು ಹಾಕಿದರು. ಮೈಸೂರಿನವರು ಬಂದು, ಯಾರೂ ಹಾಕಿರಲಿಕ್ಕಿಲ್ಲ ಎಂದು ಒಂದಿಷ್ಟು ಹಾಕಿದರು. ದಾವಣಗೆರೆಯವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಬಂದು ಧಾರಾಳವಾಗಿ ಸುರಿದರು. ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಉಪ್ಪು ಹಾಕಿದ ಹಾಗಾಯಿತು. ಈ ಗಾಡಿಗೆ ಎಣ್ಣೆಯದೇ ಬೇರೆ ಟ್ಯಾಂಕಿದೆ, ಅದು ತಾನೇ ಬೆರೆಸಿಕೊಳ್ಳುತ್ತದೆ ಎನ್ನುವುದು ಮೂವರಿಗೂ ಗೊತ್ತಿರಲಿಲ್ಲ.

ಹಗ್ಗ ಎಳೆದದ್ದೇ ತಡ, ನೀಲಿ ಹೊಗೆ ಗ್ಯಾರೇಜು ತುಂಬಿ, ರಸ್ತೆ ತುಂಬಿ, ಎದುರಿನ ಮನೆಯನ್ನೇ ನುಂಗಿಬಿಟ್ಟಿತು. ಒಳಗಿನಿಂದ ಮಗಳು ಕಿರುಚಿದಳು, "ಮಮ್, ಈಸ್ ಡ್ಯಾಡ್ ಓಕೆ?" ಡ್ಯಾಡ್ ಎಲ್ಲಿದ್ದಾರೆಂದು ನನಗೂ ಕಾಣುತ್ತಿರಲಿಲ್ಲ.

ಹೊಗೆ ತಿಳಿಯಾದಾಗ ಗುಜರಾತಿ ಅಂಕಲ್ ಬೇಲಿಯ ಬಳಿ ನಿಂತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈಮುಗಿದರು. "ಈಗ ಅರ್ಥ ಆಯ್ತು ಬೇಟಾ. ಊರಲ್ಲಿ ಕಾರ್ಪೊರೇಷನ್‌ನವರು ತರ್ತಿದ್ರಲ್ಲ, ಅದೇ ಮಷೀನು! ಒಂದು ಸೊಳ್ಳೆ ಇಲ್ಲ ನೋಡು. ನಮ್ಮ ಹಿಂದಿನ ಕಡೆಗೂ ಒಂದು ರೌಂಡ್ ಹೊಡೆಸಿಬಿಡಿ."

ನಾಲ್ಕು ಸಲ ನಿಂತದ್ದು

ಮಳೆಗಾಲ ಯಾವುದು, ಚಳಿಗಾಲ ಯಾವುದು ಎಂದು ಗೊತ್ತಾಗದ ಒಂದು ವಾರದಲ್ಲಿ ಗಾಡಿ, ಐಡ್ಲಿಂಗ್ ಸರಿಯಾಗದೆಯೇ, ಟ್ರೇಲರ್ ಮೇಲೆ ಕ್ಲೇಟನ್ ಸೇರಿತು. ಅಲ್ಲಿ ಪಕ್ಕದ ಮನೆಯವರು ಮಂಗಳೂರಿನ ಕೊಂಕಣಿ ಆಂಟಿ, ಆಸ್ಪತ್ರೆಯಲ್ಲಿ ನರ್ಸು. ಅವರು ಅಕ್ಕನ ಡಬ್ಬಿ ವಾಪಸ್ ಕೊಡಲು ಬಂದಾಗ ಭಾವ ಸೋಫಾದ ಮೇಲೆ ಒರಗಿ, ಕಣ್ಣು ಮುಚ್ಚಿ, ನಮ್ಮೊಡನೆ ವಿಡಿಯೊ ಕಾಲ್‌ನಲ್ಲಿದ್ದರು.

"ಬೆಳಿಗ್ಗೆ ಚಳಿಗೆ ಒಂದೇ ಸಮ ಹೊಡ್ಕೊಳ್ಳುತ್ತೆ. ಆಮೇಲೆ ನಿಧಾನ ಆಗುತ್ತೆ. ಆಮೇಲೆ ನಿಂತೇ ಹೋಗುತ್ತೆ. ನಿನ್ನೆಯಿಂದ ನಾಲ್ಕು ಸಲ ನಿಂತಿದೆ" ಎನ್ನುತ್ತಿದ್ದರು ಭಾವ.

ಡಬ್ಬಿ ನೆಲಕ್ಕೆ ಬಿದ್ದ ಸದ್ದು ನಮಗೆ ಸಿಡ್ನಿಯಲ್ಲಿ ಕೇಳಿಸಿತು. ಆಂಟಿ ಒಂದೇ ನೆಗೆತಕ್ಕೆ ಬಂದು ಭಾವನನ್ನು ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಕೈನಾಡಿ ಹಿಡಿದರು.

"ನಾಲ್ಕು ಸಲ ನಿಂತದ್ದಾ? ಮತ್ತೆ ನೀವು ಮಾತಾಡುವುದು ಹೇಗೆ ಮಾರಾಯ್ರೆ?"

ಭಾವ, "ನನ್ನದಲ್ಲ, ಅದರ ಐಡ್ಲಿಂಗು" ಎಂದು ಗ್ಯಾರೇಜಿನ ಕಡೆ ಬೆರಳು ತೋರಿಸಿದರು. ಆಂಟಿ ಎದ್ದು ಹೋಗಿ ಗಾಡಿಯನ್ನು ನೋಡಿ ಬಂದರು. ಹಾಗೇ ಹೋಗಿಬಿಡುವವರಲ್ಲ ಅವರು. ಮನೆಯಿಂದ ಬಿಪಿ ಮಷೀನ್ ತಂದು ಭಾವನ ತೋಳಿಗೆ ಕಟ್ಟಿ, ನೋಡಿ, ತಲೆಯಾಡಿಸಿದರು.

"ಅದಕ್ಕೆ ಎಂತ ಆಗಿದೆ ನನಗೆ ಗೊತ್ತಿಲ್ಲ. ನಿಮ್ಮ ಐಡ್ಲಿಂಗ್ ಜಾಸ್ತಿ ಉಂಟು. ಉಪ್ಪಿನಕಾಯಿ ನಿಲ್ಲಿಸಿ."

ಅಕ್ಕ ಇಟ್ಟ ನಿಂಬೆಹಣ್ಣು

ಪರೀಕ್ಷೆಯ ಹಿಂದಿನ ದಿನ ನಾವೂ ಬೆಟ್ಟಕ್ಕೆ ಹೋದೆವು. ಹಿಮದಲ್ಲಿ ನಿಂತು ನಮ್ಮವರೂ ಭಾವನೂ ಕಾರ್ಬುರೇಟರ್ ಬಿಚ್ಚಿ ಸಣ್ಣ ತೂತು ಊದಿದರು, ಬಿರುಕು ಬಿಟ್ಟಿದ್ದ ರಬ್ಬರ್ ಪೈಪ್ ಬದಲಿಸಿದರು, ಪ್ಲಗ್ ಹೊಸದು ಹಾಕಿದರು, ಸ್ಕ್ರೂ ತಿರುಗಿಸಿದರು. ಗಾಡಿ ಗುರುಗುಡತೊಡಗಿತು! ಕೈಬಿಟ್ಟರೂ ನಿಲ್ಲಲಿಲ್ಲ. "ಯಾವುದರಿಂದ ಸರಿಹೋಯ್ತು?" ಎಂದು ಕೇಳಿದೆ. ನಮ್ಮವರು "ಸ್ಕ್ರೂ" ಎಂದರು, ಭಾವ "ಪೈಪು" ಎಂದರು, ಆಮೇಲೆ ಇಬ್ಬರೂ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಇನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಗಾಡಿಯನ್ನು ಲಾಡ್ಜಿನ ಬಾಗಿಲಿಗೆ ತಂದು ನಿಲ್ಲಿಸಿದಾಗ, ಮ್ಯಾನೇಜರಮ್ಮ ಹೊರಬರುವ ಮುಂಚೆ ಅಕ್ಕ ಗಾಡಿಗೆ ಕುಂಕುಮವಿಟ್ಟು, ಮುಂದಿನ ಜಾರುಹಲಗೆಗೆ ಒಂದು ಗೇಣು ದೂರದಲ್ಲಿ ನಿಂಬೆಹಣ್ಣು ಇಟ್ಟಳು. ಹೊಸ ಗಾಡಿ ಅಂದಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿ ಹೋಗಬೇಕು, ಅದು ಅಪ್ಪಚ್ಚಿಯಾದರೆ ದೃಷ್ಟಿ ಹೋಯಿತು ಎಂದರ್ಥ.

"ಇದು ಮುಂದಕ್ಕೆ ಹೋಗಬಾರದು ಕಣೇ, ಅದೇ ಪರೀಕ್ಷೆ" ಎಂದರು ಭಾವ.

"ಹೋಗದಿದ್ರೆ ಪೂಜೆ ಹೇಗೆ ಆಗುತ್ತೆ?" ಎಂದಳು ಅಕ್ಕ.

ಅಷ್ಟರಲ್ಲಿ ಮ್ಯಾನೇಜರಮ್ಮ ಬಂದಳು. ಭಾವ ಕೈ ತೆಗೆದರು. ಗಾಡಿ ಗುರುಗುಟ್ಟಿತು, ಕೆಮ್ಮಿತು. ಮತ್ತೆ ಸಾವರಿಸಿಕೊಂಡು ಸದ್ದು ಏರಿಸಿ ಮುಂದಕ್ಕೆ ವಾಲಿತು. ಒಂದು ಕಡೆ ಅಕ್ಕ ಕಣ್ಣುಮುಚ್ಚಿ, "ಹೋಗಪ್ಪಾ, ಹೋಗು!" ಇನ್ನೊಂದು ಕಡೆ ಭಾವ, "ನಿಲ್ಲಪ್ಪಾ, ನಿಲ್ಲು!" ಯಾರ ಮಾತು ಕೇಳಬೇಕೆಂದು ದೇವರಿಗೇ ತಿಳಿಯಲಿಲ್ಲವೋ ಏನೋ, ಗಾಡಿ ಅಲ್ಲೇ ಅಲುಗಾಡುತ್ತಾ ನಿಂತಿತು. ನಿಂಬೆಹಣ್ಣು ಇದ್ದಲ್ಲೇ ಇತ್ತು.

ಮ್ಯಾನೇಜರಮ್ಮ ಬಗ್ಗಿ ನಿಂಬೆಹಣ್ಣನ್ನು ತುಂಬಾ ಹೊತ್ತು ನೋಡಿದಳು. ಅಕ್ಕ ಕುಂಕುಮದ ಭರಣಿಯನ್ನು ಜಾಕೆಟ್ಟಿನೊಳಗೆ ತುರುಕಿಕೊಂಡಳು.

"ಗಾಡಿ ಜರುಗ್ತೋ ಇಲ್ವೋ ಅಂತ ಪ್ರತಿ ವರ್ಷ ಎಲ್ಲರ ಹತ್ರ ನನಗೆ ಜಗಳ" ಎಂದಳು ಆಕೆ ಇಂಗ್ಲಿಷಿನಲ್ಲಿ. "ಹಿಮದಲ್ಲೂ ಎದ್ದು ಕಾಣೋ ಗುರುತು ಇಡಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಬ್ರಿಲಿಯಂಟ್!" ಅಲ್ಲೇ ಭಾವನ ಕೈ ಕುಲುಕಿದಳು. ಭಾವ ಅತ್ತರು. ನಾವೂ ಅತ್ತೆವು.

ಸೀಸನ್ ಮುಗಿಯುವವರೆಗೆ ಭಾವನ ಜೊತೆ ಲಾಡ್ಜಿನಲ್ಲೇ ಉಳಿದಿದ್ದ ಅಕ್ಕ ಮುಂದಿನ ವಾರ ಫೋನ್ ಮಾಡಿದಳು. ಅವಳ ದನಿಯಲ್ಲಿ ಗೊಂದಲ.

"ಇಲ್ಲಿ ಈಗ ಅದೇ ರೂಲ್ ಕಣೇ. ಎಲ್ಲಾ ಗಾಡಿ ಮುಂದೆ ದಿನಾ ನಿಂಬೆಹಣ್ಣು ಇಡ್ತಾರೆ, ಒಬ್ಬರೂ ಹತ್ತಿಸಲ್ಲ, ಸಂಜೆ ತಂದು ನನಗೇ ಕೊಡ್ತಾರೆ. ದೃಷ್ಟಿ ತೆಗೆದ ಹಣ್ಣು ತಿನ್ನೋ ಹಾಗಿಲ್ಲ. ಆದ್ರೆ ಇದು ಅಪ್ಪಚ್ಚಿನೇ ಆಗಿಲ್ವಲ್ಲ, ದೃಷ್ಟಿ ತೆಗೆದ ಹಾಗಾಯ್ತೋ ಇಲ್ವೋ? ನನಗೊಂದೂ ತಿಳೀಲಿಲ್ಲ, ಚಿತ್ರಾನ್ನಕ್ಕೆ ಹಿಂಡಿಬಿಟ್ಟೆ. ನಿನ್ನ ಭಾವ ಎರಡು ಸಲ ಹಾಕಿಸ್ಕೊಂಡ್ರು."

"ಅಯ್ಯೋ! ಅವರಿಗೇನೂ ಆಗಿಲ್ಲ ತಾನೇ?" ಎಂದೆ.

"ಏನಾಗ್ಬೇಕು? ಎಷ್ಟೋ ತಿಂಗಳಾದ ಮೇಲೆ ನಿದ್ದೆ ಮಾಡ್ತಿದ್ದಾರೆ. ಕುರ್ಚಿಯಲ್ಲಿ ಕೂತಲ್ಲೇ ಗುರ್ರ್ ಅಂತ ಒಂದೇ ಸಮ ಗೊರಕೆ. ನಿಲ್ತಾನೂ ಇಲ್ಲ, ಅಲ್ಲಿಂದ ಜರುಗ್ತಾನೂ ಇಲ್ಲ."