ಮಾವನ ಬೀರು, ಅತ್ತೆಯ ಗಡುವು

ನಮ್ಮ ಸೋದರಮಾವ ಏಳು ತಿಂಗಳಿಗೇ ಹುಟ್ಟಿದವರು. ಒಂಬತ್ತು ತುಂಬುವವರೆಗೆ ಕಾಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ! ಮದುವೆಯಲ್ಲೂ ಅಷ್ಟೇ. ಅಯ್ಯನವರು ಮಂತ್ರ ಮುಗಿಸುವ ಮೊದಲೇ ತಾಳಿ ಕಟ್ಟಿಬಿಟ್ಟು, "ನೀವು ಹೇಳ್ತಾ ಇರಿ ಸ್ವಾಮಿ, ನಂದು ಆಯ್ತು" ಎಂದರಂತೆ. ತೆಂಗಿನ ಸಸಿ ನೆಟ್ಟರೆ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಎಂಟು ದಿನಕ್ಕೊಮ್ಮೆ ಕಿತ್ತು ನೋಡುವರು. ಬೇರು ತಾನೇ ಏನು ಮಾಡೀತು, ಪಾಪ!

ಇಂಥ ಮನುಷ್ಯ ಮನೆಯಲ್ಲೇ ಕುಡಿಯುವ ಬೀರು ಮಾಡಲು ಹೊರಟರೆ ಹೇಗಿರಬೇಡ?

ಎಪ್ಪತ್ತರ ದಶಕದ ಕೊನೆ. ಮಾವ ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಯಾವುದೋ ಕಾಫಿ ಎಸ್ಟೇಟಿಗೆ ಮೋಟಾರು ಬಿಚ್ಚಲು ಹೋದವರು, ಅಲ್ಲಿಯ ಸಾಹುಕಾರರು ಮನೆಯಲ್ಲೇ ಮಾಡಿದ ಬೀರು ಕುಡಿದು, ಅದನ್ನು ಮಾಡುವ ವಿಧಾನವನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡು ಬಂದರು. ಬಾರ್ಲಿ ಸಿಗಲಿಲ್ಲ, ಅತ್ತೆ ಮೊಳಕೆ ಕಟ್ಟಿ ಹುರಿದಿಟ್ಟ ರಾಗಿ ಇತ್ತು. ಕಹಿಗೆ ಹಾಕುವ ಅದ್ಯಾವುದೋ ಹೂವು ಸಿಗಲಿಲ್ಲ. ಹಿತ್ತಲಲ್ಲಿ ಬೇವಿನಮರ ಇತ್ತು. ಜೊತೆಗೆ ಬೆಲ್ಲ, ಬೇಕರಿಯಿಂದ ಕಾಡಿ ಬೇಡಿ ತಂದ ಈಸ್ಟು. ಬಚ್ಚಲಿನ ಹಂಡೆಯನ್ನೇ ಎತ್ತಿ ತಂದು ಕುದಿಸಿದರು.

"ಲಿಂಗ ಕಟ್ಟಿದ ಮನೇಲಿ ಇದೇನ್ರೀ ಅನಾಚಾರ?" ಎಂದರು ಅತ್ತೆ.

"ಬೇವು ಬೆಲ್ಲ ಕಣೇ! ಯುಗಾದಿ ಅಂದ್ಕೋ."

ಬಾಟಲಿಗೆ ತುಂಬಿ ಬಿರಡೆ ಹೊಡೆದ ಮೇಲೆ ಇಪ್ಪತ್ತೊಂದು ದಿನ ಮುಟ್ಟಬಾರದು ಎಂದು ಸಿಗರೇಟ್ ಪ್ಯಾಕು ಸ್ಪಷ್ಟವಾಗಿ ಹೇಳಿತ್ತು. ಮಾವ ಮೂರನೇ ದಿನಕ್ಕೇ ಬಿಚ್ಚಿದರು. ನಾನು ಆಗ ತರೀಕೆರೆಯಲ್ಲಿ ಮೇಷ್ಟ್ರು. ಭಾನುವಾರ ಬಂತೆಂದರೆ ಕಡೂರಿನ ಬಸ್ಸು ಹತ್ತುತ್ತಿದ್ದೆ.

"ಹೆಂಗೈತೆ ಮಾವ?" ಎಂದು ಕೇಳಿದೆ.

"ಅಂಬಲಿಗೆ ಸಿಟ್ಟು ಬಂದಂಗೈತೆ ಕಣೋ!"

ಎರಡನೇ ಸಲ ಎಂಟು ದಿನ ತಡೆದರು. ಆದರೆ ದಿನಕ್ಕೆ ನಾಲ್ಕು ಸಲ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ್ದಕ್ಕೆ ಬಾಟಲಿಗಳಿಗೂ ತಲೆ ಕೆಟ್ಟಿತ್ತು. ಅಯ್ಯನವರು ಬಂದು ನಡುಮನೆಯಲ್ಲಿ ಪ್ರಸಾದಕ್ಕೆ ಕೂತಿದ್ದಾಗ ಉಗ್ರಾಣದಿಂದ ಢಂ! ಎಂದಿತು.

"ಏನಮ್ಮಾ ಅದು?"

"ಇಲಿ ಕಾಟ, ಸ್ವಾಮಿ," ಎಂದರು ಅತ್ತೆ.

ಢಂ! ಢಂ!

"ಇಲಿಗೆ ಕೋವಿ ಕೊಟ್ಟೋರು ಯಾರಮ್ಮಾ?"

ಅಯ್ಯನವರು ಹೋದ ಮೇಲೆ ಅತ್ತೆ ಸೆರಗು ಬಿಗಿದು ನಿಂತರು. "ಇದೇ ಕೊನೆ! ನನ್ನ ಕೈ ಹಿಡಿದು ಹದಿನೆಂಟು ವರ್ಷ ಆಯ್ತು, ನೀವು ಒಂದಕ್ಕಾದ್ರೂ ಕಾದಿದ್ದು ನಾ ಕಾಣೆ. ಈ ಸಲ ಇಪ್ಪತ್ತೊಂದು ದಿನ ಮುಟ್ಟದೆ ಇದ್ರೆ ನಾನೇ ಲೋಟಕ್ಕೆ ಬಗ್ಗಿಸಿ ಕೊಡ್ತೀನಿ. ಮುಟ್ಟಿದ್ರೋ, ಹಂಡೆ ವಾಪಸ್ ಬಚ್ಚಲಿಗೆ!"

ಹಂಡೆಯ ಮಾತು ಮಾವನ ಕಿವಿಗೆ ಬೀಳಲೇ ಇಲ್ಲ. ಬಾಟಲಿ ಕಂಡರೆ ಮುಖ ತಿರುಗಿಸುವ ಹೆಂಡತಿ ಕೈಯಾರೆ ಬಗ್ಗಿಸಿ ಕೊಡುತ್ತಾಳಂತೆ! ಅದಕ್ಕಿಂತ ಇನ್ನೇನು ಬೇಕು? ಹೊಸದಾಗಿ ಹನ್ನೆರಡು ಬಾಟಲಿ ಬೀರು ಮಾಡಿಟ್ಟು, ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯತೊಡಗಿದರು. ಆತುರಕ್ಕೆ ಒಂದೇ ದಿನ ಎರಡು ಗೀಟು ಎಳೆದು ಅತ್ತೆಯ ಕೈಗೆ ಸಿಕ್ಕಿಬಿದ್ದದ್ದೂ ಉಂಟು.

ಹನ್ನೊಂದನೇ ದಿನ ಅತ್ತೆ ಜ್ವರ ಬಂದು ಮಲಗಿದರು. ಟೈಫಾಯಿಡ್. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಎರಡು ದಿನ ಪರೀಕ್ಷೆ ಮಾಡಿ, "ಈಗಲೇ ಏನೂ ಹೇಳೋಕಾಗಲ್ಲ, ಕಾದು ನೋಡೋಣ" ಎಂದರು.

ನಾನು ಮಾವನ ಮುಖ ನೋಡಿದೆ. ಯಾರಿಗೆ ಹೇಳುವ ಮಾತು ಅದು! ಆದರೆ ಮಾವ "ಆಗ್ಲಿ ಸಾರ್" ಎಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತರು. ಕೂತೇ ಇದ್ದರು. "ಯಾವಾಗ?" ಎಂದು ಒಂದು ದಿನವೂ ಕೇಳಲಿಲ್ಲ. ಜಗಳಕ್ಕಿಳಿದಿದ್ದರೆ ನನಗೆ ಎಷ್ಟೋ ಧೈರ್ಯ ಬರುತ್ತಿತ್ತು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನೋಡಿಯೇ ನಾನು ಹೆದರಿದ್ದು.

ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಒಂದು ದಿನ ಹೇಳಿದೆ: "ಮಾವ, ಇವತ್ತಿಗೆ ಇಪ್ಪತ್ತೊಂದು ಆಯ್ತು. ಮನೆಗೆ ಹೋದಾಗ ಒಂದು ಬಾಟ್ಲು ತರ್ಲಾ?"

"ಬ್ಯಾಡ ಕಣೋ. ಅವಳು ಬಗ್ಗಿಸ್ಕೊಡ್ತೀನಿ ಅಂದವ್ಳೆ."

ಇನ್ನೂ ಎರಡು ವಾರ ಕಳೆಯಿತು. ಜ್ವರ ಇಳಿಯಿತು. ಬಡಕಲಾಗಿದ್ದ ಅತ್ತೆಯನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೆವು. ಮನೆಗೆ ಬಂದವರೇ ಅತ್ತೆ ಗೋಡೆಗೊರಗಿ ಕೂತು, ಉಗ್ರಾಣದ ಕಡೆ ನೋಡಿ, "ಎಷ್ಟು ಉಳಿಸಿದೀರಿ?" ಎಂದರು.

ಹನ್ನೆರಡಕ್ಕೆ ಹನ್ನೆರಡೂ ಇದ್ದವು! ಬಿರಡೆ ಕೂಡ ಅಲುಗಿರಲಿಲ್ಲ.

ಅತ್ತೆ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು "ತಪ್ಪಾಯ್ತಪ್ಪಾ ಶಿವನೇ" ಎಂದರು. ಆಮೇಲೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಬಗ್ಗಿಸಿದರು. ಅರ್ಧ ನೊರೆ ನೆಲದ ಪಾಲಾಯಿತು. ಮಾವ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದರು.

"ಕುಡೀರಿ, ಕಾದಿದ್ದು ಸಾಕು," ಎಂದರು ಅತ್ತೆ.

ಮಾವನ ಕಣ್ಣಲ್ಲಿ ದಳದಳ ನೀರು ಇಳಿಯಿತು.

"ನಾ ಕಾದಿದ್ದು ಇದಕ್ಕಲ್ಲ ಕಣೇ."