ಅತ್ತೆಯ ಅಂಗಾಲಿನ ಮಚ್ಚೆ

ಊರವರಿಗೆ ಬುದ್ಧಿ ಹೇಳಲು ಹೊರಟಾಗಲೆಲ್ಲ ನನಗೆ ಇಂಥದ್ದೇ ಏನಾದರೂ ಆಗುತ್ತಿರುತ್ತದೆ. ನಾನು ನಗರಗೆರೆ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸು. ಮಚ್ಚೆ ದೊಡ್ಡದಾದರೆ, ಬಣ್ಣ ಬದಲಾದರೆ, ಅಂಚು ಸೊಟ್ಟಗಾದರೆ ಚರ್ಮದ ಕ್ಯಾನ್ಸರ್ ಇರಬಹುದು, ತಿಂಗಳಿಗೊಮ್ಮೆ ಮನೆಯಲ್ಲೇ ಫೋಟೋ ತೆಗೆದು ಹೋಲಿಸಿ ನೋಡಬೇಕು ಎಂದು ತರಬೇತಿಯಲ್ಲಿ ಕೇಳಿಕೊಂಡು ಬಂದೆ. ಅಂದಿನಿಂದ ನನ್ನ ಉತ್ಸಾಹಕ್ಕೆ ಲಗಾಮಿಲ್ಲ. ಬಿಪಿ ನೋಡಿಸಲು ಬಂದವರಿಗೂ ಮಚ್ಚೆ ಪಾಠವೇ!

ಓಡಾಡುವ ಮಚ್ಚೆ

ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹೊಸ ಅಪ್ಪ ನನ್ನ ಪಾಠವನ್ನು ಒಂದು ಕೈ ಹೆಚ್ಚೇ ಪಾಲಿಸಿದ; ತಿಂಗಳಿಗೊಮ್ಮೆಯಲ್ಲ, ದಿನ ಬಿಟ್ಟು ದಿನ ಫೋಟೋ. ಒಂದು ಬೆಳಗ್ಗೆ ಮಗುವನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಏದುಸಿರು ಬಿಡುತ್ತಾ ಬಂದ.

"ಸಿಸ್ಟರ್, ಮಗು ಅಂಗಾಲಲ್ಲಿ ಮಚ್ಚೆ! ಸೋಮವಾರ ಬಲಗಾಲು, ಬುಧವಾರ ಎಡಗಾಲು, ಇವತ್ತು ಮತ್ತೆ ಬಲಗಾಲು. ಫೋಟೋ ನೋಡಿ!"

ಫೋಟೋಗಳಲ್ಲಿ ಮಚ್ಚೆ ನಿಜಕ್ಕೂ ಊರು ಬದಲಾಯಿಸುತ್ತಿತ್ತು. ಹತ್ತಿಯನ್ನು ಒದ್ದೆ ಮಾಡಿ ಮೆಲ್ಲಗೆ ಒರೆಸಿದೆ. ಮಚ್ಚೆ ಹತ್ತಿಗೆ ಬಂತು!

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ ದೇವುಡಾ! ಮುಖಕ್ಕೆ ಕಾಡಿಗೆ ಹಚ್ಬೇಡಿ ಅಂತ ಸೊಸೆ ಅಂದ್ಳು. ಅದಕ್ಕೆ ಯಾರಿಗೂ ಕಾಣ್ದಂಗೆ ಅಂಗಾಲಿಗೆ ದೃಷ್ಟಿಬೊಟ್ಟು ಇಡ್ತಿದ್ದೆ ಕಣಮ್ಮ. ಈ ಮನೇಲಿ ಕಾಲನ್ನೂ ಫೋಟೋ ತೆಗೀತಾರೆ ಅಂತ ನಂಗೇನು ಗೊತ್ತು?"

ಕಾಳೋ, ಬೇಳೆಯೋ

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ನನ್ನ ಅಂಗಾಲಲ್ಲೂ ಒಂದಿದೆ ಕಣೇ. ಆದ್ರೆ ಒರೆಸಿದ್ರೆ ಹೋಗಲ್ಲ" ಎಂದು ಕಾಲು ಚಾಚಿದರು.

ನೋಡಿ ನನ್ನ ನಗು ನಿಂತಿತು. ಕಪ್ಪಗೆ, ಅಂಚು ಸೊಟ್ಟಗೆ, ಒಂದು ಕಡೆ ಬಣ್ಣವೇ ಬೇರೆ. ತಾಲ್ಲೂಕಿಗೆಲ್ಲ ಪಾಠ ಹೇಳಿದವಳು ನನ್ನ ಮನೆಯವರ ಕಾಲನ್ನೇ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಮರುದಿನವೇ ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರ ಮುಂದೆ ಕೂರಿಸಿದೆ. "ಎಷ್ಟು ಬೆಳೆದಿದೆ ಅಂತ ಗೊತ್ತಾ?" ಎಂದರು ಅವರು.

"ಗೊತ್ತಿಲ್ದೆ ಏನು? ನನ್ನ ಮದುವೇಲಿ ರಾಗಿ ಕಾಳಷ್ಟು. ಹೋದ ಸಂಕ್ರಾಂತಿಗೂ ಅಷ್ಟೇ. ಯುಗಾದಿಗೆ ಹುರುಳಿ. ಈಗ ತೊಗರಿ."

ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾ ಗಂಭೀರವಾಗಿ ಕೇಳಿದರು: "ಕಾಳೋ, ಬೇಳೆನೋ?"

"ಕಾಳು ಕಣಪ್ಪ. ಬೇಳೆಯಾಗಿದ್ರೆ ಒಂದ್ ಮಗ್ಲು ಚಪ್ಪಟೆ ಇರ್ತಿರ್ಲಿಲ್ವಾ?"

ಯೋಗ

ಬೇಗ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರು. ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಅಂಗಾಲಲ್ಲಿ ಮಚ್ಚೆ ಇದ್ರೆ ದೇಶ ಸುತ್ತೋ ಯೋಗ. ನಾನು ಘಾಟಿ ದಾಟಿ ಆಚೆ ಹೋದವಳಲ್ಲ. ಈಗ ಇದು ಬೆಳೀತಿದೆ ಅಂದ್ರೆ ಕಾಶಿ ಹತ್ರ ಬಂತು ಅಂತ. ಬ್ಯಾಗ್ ಕೂಡ ರೆಡಿ ಮಾಡಿಟ್ಟಿದ್ದೀನಿ. ಹೋಗಿ ಬಂದ್ಮೇಲೆ ತೆಗೀರಪ್ಪ."

ಡಾಕ್ಟರು ಹೇಳಿದರು, ನನ್ನ ಗಂಡ ಫೋನಿನಲ್ಲಿ ಹೇಳಿದರು. ಉಹೂಂ. ನಾನು ಬಾಯಿ ತೆರೆದೆ, ಅಳು ಬಂತು. ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಅತ್ತೆ ನನ್ನನ್ನೇ ನೋಡಿದರು. "ಥೂ, ನರ್ಸಾಗಿ ಅಳ್ತಾಳೆ ನೋಡು. ತೆಗೀರಿ ಡಾಕ್ಟ್ರೇ, ಕಾಶಿ ಎಲ್ಲೂ ಓಡಿಹೋಗಲ್ಲ" ಎಂದು ಕಾಲು ಮುಂದಿಟ್ಟರು.

ತೆಗೆದರು. ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಅದನ್ನು ಮುಂಬೈಯ ಒಂದು ಲ್ಯಾಬಿಗೂ ಕಳಿಸಿದರು. ವರದಿ ಬಂದ ದಿನ ಡಾಕ್ಟರು ನಗುತ್ತಲೇ ಹೇಳಿದರು: "ಕ್ಯಾನ್ಸರೇ. ಆದ್ರೆ ತೀರಾ ಶುರುವಲ್ಲೇ ಸಿಕ್ತು, ಪೂರ್ತಿ ತೆಗೆದಾಗಿದೆ. ಇನ್ನು ಆಗಾಗ ಬಂದು ತೋರಿಸಿದ್ರೆ ಸಾಕು."

ನಾನು ಆಸ್ಪತ್ರೆ ಅನ್ನುವುದನ್ನೂ ಮರೆತು ಕುಣಿದೇಬಿಟ್ಟೆ! ಅತ್ತೆ ಮಾತ್ರ ಯಾವುದೋ ಲೆಕ್ಕದಲ್ಲಿದ್ದರು.

"ಡಾಕ್ಟ್ರೇ, ಅದು ಮುಂಬೈಗೆ ಹೆಂಗ್ ಹೋಯ್ತು?"

"ವಿಮಾನದಲ್ಲಿ ಅಮ್ಮ."

ಅತ್ತೆ ಹಣೆ ಚಚ್ಚಿಕೊಂಡರು. "ನೋಡ್ದೇನೇ! ಇಷ್ಟು ವರ್ಷ ಹೊತ್ಕೊಂಡು ತಿರುಗಿದ್ದು ನಾನು. ಯೋಗ ಮಾತ್ರ ಅದರದ್ದು!"